ಮಲ್ಲೂನ ಲಗ್ನಪತ್ರಿಕ್ಯಾಗ ನನ್ನ ಹೆಸರು

ವೇದಿಕೆಯ ಮೇಲೆ ವಿರಾಜಮಾನರಾಗಿರುವ ನಮ್ಮ ಮುದ್ರಕರ ಸಂಘದ ಅಧ್ಯಕ್ಷರಾದ ಅಂದಪ್ಪನವರೇ, ಹುಲಕೋಟಿಯಿಂದ ಆಗಮಿಸಿರುವ ಮುಖ್ಯ ಅತಿಥಿಗಳೇ, ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಪ್ರೆಸ್ಸುಗಳ ಮಾಲೀಕರೇ, ಮೊದಲನೇ ಸಾಲಿನಲ್ಲಿ ಮುಖ ಗಂಟು ಹಾಕಿಕೊಂಡು ಕುಳಿತಿರುವ ನನ್ನ ಅಮ್ಮಿ ಜನ್ನತಬಿಯವರೇ, ಹಾಗೂ ಒಗ್ಗರಣೆಯ ವಾಸನೆಯ ಕಡೆಗೆ ಆಗಲೇ ಮುಖ ತಿರುಗಿಸಿರುವ ಸಮಸ್ತ ಸಭಿಕರೇ,

ಈ ವಾರ್ಷಿಕೋತ್ಸವದ ಶುಭ ಸಂದರ್ಭದಲ್ಲಿ, ವೆಬ್ ತಂತ್ರಜ್ಞಾನದಿಂದ ಕಟ್ಟಿದ ಕಂಪ್ಯೂಟರ್ ಆ್ಯಪುಗಳ ಸುರಕ್ಷತೆ ಎಂಬ ಗಂಭೀರ ವಿಷಯದ ಕುರಿತು ಮಾತನಾಡಲು ನೂರೀನ ಎಂಬ ಈ ಕಿರಿಯಳಿಗೆ ಅವಕಾಶ ಕೊಟ್ಟಿದ್ದೀರಿ. ನಾನು ಧನ್ಯಳು. ಗ್ರಂಥದ ಭಾಷಾ ನನಗ ಇಷ್ಟೇ ಬರ್ತೈತ್ರಿ, ಮುಗೀತು. ಇನ್ನ ಮುಂದ ನಮ್ಮ ಮಾತಿನ್ಯಾಗ ಹೇಳ್ತೇನಿ. ನಕ್ಕೋತ ಹೇಳ್ತೇನಿ, ಯಾಕಂದ್ರ ಮುಂಜಾನಿಂದ ನನಗ ನಗಿ ತಡಕೊಳ್ಳಾಕ ಆಗವಲ್ದು. ಅಂಜಿಕಿ ಆದ್ರೂ ನಾ ನಗತೇನಿ, ಖುಷಿ ಆದ್ರೂ ನಗತೇನಿ. ಇವತ್ತ ಎರಡೂ ಕೂಡೇ ಬಂದಾವ.

ಅಂಜಿಕಿ ಯಾಕ ಅಂತೀರಿ? ಈ ಕಡೆ ಮೇಜಿನ ಮುಂದ ಎರಡು ಕಂಪ್ಯೂಟರ್ ಇಟಗೊಂಡು ಕುಂತಾರಲ್ಲ, ಇವರು ಶಫೀಕ. ಲಕ್ಷ್ಮೇಶ್ವರದ ರಹಮಾನಸಾಬರ ಮಗ, ಅಪ್ಪನ ಪ್ರೆಸ್ ನಡಸ್ತಾರ. ನಾ ಮಾತಾಡಿ ಮುಗಸೂದ್ರಾಗ ಇವರು ನಾ ಕಟ್ಟಿದ 'ಹಂದರ' ಆ್ಯಪ್ ನಿಮ್ಮ ಮುಂದ ಒಡಿಯಾಕ ನೋಡ್ತಾರ. ಒಡದ್ರ, ಇವರ ಜೋಡಿ ನನ್ನ ಲಗ್ನ ಇಲ್ಲ. ಒಡೀಲಿಲ್ಲಂದ್ರ ಅಮ್ಮಿ ವಿಚಾರ ಮಾಡ್ತಾಳಂತ. ಷರತ್ತ ಹಾಕಿದಾಕಿ ಆಕಿನ. 'ಬೇಕಂತ ಸೋತ್ರ ನನಗ ಗೊತ್ತಾಗತೈತಿ, ಖರೇನ ಒಡೀಬೇಕು' ಅಂತ ಇವರಿಗೆ ಬ್ಯಾರೆ ತಾಕೀತ ಮಾಡ್ಯಾಳ. ಹಿಂಗಾಗಿ ಮುಖ ನೋಡ್ರಿ ಪಾಪ, ಪರೀಕ್ಷಾಕ್ಕ ಕುಂತವರಂಗ ಆಗೇತಿ.

ಹಂದರ ಅಂದ್ರ ಏನು ಅಂತ ಮುಖ್ಯ ಅತಿಥಿಗಳಿಗೆ ಗೊತ್ತಿರಾಕಿಲ್ಲ. ಲಗ್ನಪತ್ರಿಕೆ ಜೋಡಸೋ ಆ್ಯಪ್ ರಿ. ವರನ ಹೆಸರಿಗೊಂದು ಜಾಗಾ, ವಧುವಿನ ಹೆಸರಿಗೊಂದು ಜಾಗಾ, 'ನಮ್ಮ ಕಾಕಾನ ಮದುವಿಗೆ ತಪ್ಪದ ಬರ್ರಿ' ಅಂತ ಸಣ್ಣ ಹುಡುಗರ ಸಾಲಿಗೊಂದು ಜಾಗಾ, ಶುಭ ಕೋರುವವರಿಗೊಂದು ದೊಡ್ಡ ಜಾಗಾ. ಎಷ್ಟ ದೊಡ್ಡದಿಟ್ಟರೂ ಸಾಲಂಗಿಲ್ಲ, ಒಬ್ಬರ ಹೆಸರು ಬಿಟ್ರ ಬೀಗರು ಊಟಕ್ಕ ಬರಂಗಿಲ್ಲ. ಗಿರಾಕಿ ಫೋನಿನ್ಯಾಗ ಕಳಿಸಿದ್ದನ್ನ ತಂದು ಅಂಟಿಸಿದ್ರ ಪತ್ರಿಕೆ ತಯಾರ.

ವೆಬ್ ಪುಟ ಕಟ್ಟೋ ಸಾಮಾನಿನಿಂದನ ನಾ ಇದನ್ನ ಕಟ್ಟೇನಿ. ಈಗ ಭಾಳ ಮಂದಿ ಹಂಗ ಕಟ್ತಾರ, ತಪ್ಪೇನಿಲ್ಲ. ಆದ್ರ ಒಂದು ಫರಕ ಐತಿ. ಬ್ರೌಸರಿನ್ಯಾಗ ಬಂದ ಪುಟ ಪಡಸಾಲ್ಯಾಗ ಕುಂತ ಬೀಗರಿದ್ದಂಗ. ಚಹಾ ಕುಡದು ಎದ್ದು ಹೋಗತೈತಿ. ಅದನ್ನ ಆ್ಯಪ್ ಮಾಡಿ ಕಂಪ್ಯೂಟರಿಗೆ ಇಳಿಸಿ, ಕಟ್ಟಿದವರು ಒಮ್ಮಿ ಹೂಂ ಅಂದ್ರ ಸಾಕು, ಅದ ಪುಟ ಸೀದಾ ಅಡಗಿಮನಿಗೆ ನುಗ್ಗತೈತಿ. ಫೈಲ್ ತಗೀತೈತಿ, ತಿದ್ದತೈತಿ, ಅಳಸತೈತಿ. ನಮ್ಮನಿಗೆ ಯಾರ ಬಂದ್ರೂ ಅಮ್ಮಿ ಚಹಾ ಕುಡಸದ ಕಳಸಂಗಿಲ್ಲ. ಆದ್ರ ಬಂದಾವ ಅಡಗಿಮನಿಗೆ ಹೋಗಿ ತಾನ ಡಬ್ಬಿ ತಗದ್ರ ಬಿಡ್ತಾಳೇನ್ರಿ? ನಾ ಮೊದಲ್ನೇ ಹಂದರದಾಗ ಬಿಟ್ಟಿದ್ದೆ. ಹೂಂ ಅಂದ್ರ ಕೆಲಸ ಜಲ್ದಿ ಮುಗೀತಿತ್ತು. ಅಂದಪ್ಪನವರು ದಿನಾ ಫೋನ್ ಮಾಡಿ 'ಲಗ್ನದ ಸೀಜನ್ ಬಂತಲ್ಲವಾ ತಂಗಿ' ಅಂತಿದ್ರು. ಸರ, ತಪ್ಪು ನಿಮ್ಮ ಮ್ಯಾಲ ಹಾಕವಲ್ಲೆ. ಸ್ವಲ್ಪ ಹಾಕ್ತೇನಿ ಅಷ್ಟ.

ಹಂದರ ಹೊರಗ ಬಂತು. ಎಲ್ಲಾರೂ ಛಲೋ ಐತಿ ಅಂದ್ರು. ಈ ಶಫೀಕ ಒಬ್ಬರು ಫೋನ್ ಮಾಡಿ 'ಮೇಡಂ, ನಿಮ್ಮ ಹಂದರದ ಒಂದು ಕಂಬ ಅಳ್ಳಾಡಾಕತ್ತೈತಿ' ಅಂದ್ರು. ನನಗ ಮೈಯೆಲ್ಲಾ ಉರೀತು. ಸರಿ ಮಾಡಿದೆ. ಮರುದಿನ ಮತ್ತೊಂದು ಕಂಬ. ಬರಬರ್ತ ಏನಾತು ಅಂದ್ರ, ಫೋನ್ ಬರದಿದ್ದ ದಿನ ಸಿಟ್ಟ ಬರಾಕ ಹತ್ತಿತು. 'ಇವತ್ತ ಏನೂ ಕೆಟ್ಟಿಲ್ಲೇನ್ರಿ?' ಅಂತ ನಾನ ಫೋನ್ ಮಾಡ್ತಿದ್ದೆ. ಅಮ್ಮಿ 'ಯಾರದು?' ಅಂದ್ರ 'ಗಿರಾಕಿ' ಅಂತಿದ್ದೆ. ಹೂಂರಿ, ಗಿರಾಕಿ! ನಗಬ್ಯಾಡ್ರಿ, ಅಮ್ಮಿ ನೋಡಾಕತ್ತಾಳ.

ಒಂದಿನ ಈ ಗಿರಾಕಿಗೆ ಹುರುಪು ಬಂತು. ನನಗ ತೋರಸಾಕಂತ ಒಂದು ಸಣ್ಣ ಕೋಡ್, ಅಂದ್ರ ಕಂಪ್ಯೂಟರಿಗೆ ಕೊಡೋ ಹುಕುಂ, ಬರದ್ರು. ಕಂಪ್ಯೂಟರಿನ ಪರದಿ ತುಂಬ ಮಲ್ಲಿಗಿ ಹೂ ಉದುರಬೇಕು, ವರನ ಜಾಗಾದಾಗ ಶಫೀಕ ಅಂತ ಬರಬೇಕು, ವಧುವಿನ ಜಾಗಾದಾಗ ನೂರೀನ ಅಂತ ಬರಬೇಕು. ಅದನ್ನ ತಗೊಂಡು ಶುಭ ಕೋರುವವರ ಜಾಗಾದಾಗ ಅಂಟಿಸಿದ್ರು. ಅಲ್ರಿ, ಶುಭ ಕೋರುವವರ ಜಾಗಾದಾಗ ಯಾರರ ಹುಕುಂ ಬರದ್ರ ಆ್ಯಪ್ ಏನ ಮಾಡಬೇಕು? ಅದನ್ನೂ ಬರೀ ಅಕ್ಷರ ಅಂತ ತೋರಸಬೇಕು. ನನ್ನ ಹಂದರ ಎಂಥಾ ವಿಧೇಯ ಕೂಸು ಅಂದ್ರ, ಹುಕುಂ ನಡಸೇ ಬಿಡ್ತು. ಹೂ ಉದುರಿದ್ವು. ಹೆಸರು ಬದಲಾದ್ವು. ನಾವಿಬ್ಬರೂ ವಿಡಿಯೋ ಕಾಲಿನ್ಯಾಗ ನೋಡಿ ಹೊಟ್ಟಿ ಹಿಡಕೊಂಡು ನಕ್ವಿ. ಕೋಡ್ ಮಾತ್ರ ಅಲ್ಲಿಗೆ ನಿಂತಿರಲಿಲ್ಲ. ಇವರು ಅವಸರದಾಗ 'ಈ ಪತ್ರಿಕೆ' ಅನ್ನೋ ಕಡೆ 'ಇದ್ದಬದ್ದ ಪತ್ರಿಕೆ' ಅಂತ ಬರದಿದ್ರು. ಅಡಗಿಮನಿ ಬಾಗಿಲಾ ನಾ ತಗದ ಇಟ್ಟಿದ್ದೆ. ಒಳಗ ಹೋಗಿ, ಆವತ್ತ ಅವರ ಪ್ರೆಸ್ಸಿನ್ಯಾಗ ಛಾಪಿಗೆ ಕಾದು ಕುಂತಿದ್ದ ಎಲ್ಲಾ ಮದುಮಕ್ಕಳನ್ನೂ ನಮ್ಮನ್ನ ಮಾಡಿ ಬಂತು.

ಶಿರಹಟ್ಟ್ಯಾಗ ನಮ್ಮ ಲಗ್ನ. ಮುಂಡರಗ್ಯಾಗ ನಮ್ಮ ಲಗ್ನ. ಕೊರ್ಲಹಳ್ಳ್ಯಾಗ ಹೊಳಿ ದಂಡಿಮ್ಯಾಲ ನಮ್ಮ ಲಗ್ನ. ಎಲ್ಲಾ ಕಡೆ ಸಕಲ ಬಂಧುಬಾಂಧವರಿಗೆ ಆದರದ ಆಮಂತ್ರಣ. ನಮಗಿಬ್ಬರಿಗೆ ಮಾತ್ರ ಖಬರ ಇಲ್ಲ!

ಯಾರೂ ಓದಲಿಲ್ಲೇನು ಅಂತ ಮುಖ್ಯ ಅತಿಥಿಗಳು ಕೇಳಾಕತ್ತಾರ. ಲಗ್ನಪತ್ರಿಕೆ ಯಾರ ಓದ್ತಾರ್ರಿ ಸರ? ಪ್ರೆಸ್ಸಿನವರು ಬಣ್ಣ ನೋಡ್ತಾರ. ಬೀಗರು ತಮ್ಮ ಹೆಸರ ಐತೋ ಇಲ್ಲೋ ನೋಡ್ತಾರ. ಉಳದವರು ತಾರೀಖ ನೋಡ್ತಾರ, ಊಟ ಎಲ್ಲಿ ನೋಡ್ತಾರ. ಮದುಮಕ್ಕಳ ಹೆಸರ ಓದಾಕ ಯಾರಿಗೆ ಪುರಸೊತ್ತೈತಿ? ಛಾಪಿಸಿದ್ರು, ಹಂಚಾಕ ಸುರು ಮಾಡಿದ್ರು. ಮೊದಲ ಓದಿದಾಕಿ ನಮ್ಮ ಅಮ್ಮಿ.

ಕೊರ್ಲಹಳ್ಳಿ ನೀಲಗಂಗವ್ವ ಅಮ್ಮಿಯ ಹಳೇ ಗೆಳತಿ. ಮಮ್ಮಗ ಮಲ್ಲೂನ ಪತ್ರಿಕೆ ಕೊಡಾಕ ಬೆಟಗೇರಿಗೆ ನಮ್ಮನಿಗೆ ಬಂದ್ಲು. ಆಯಿಗೆ ಓದಾಕ ಬರಂಗಿಲ್ಲ. 'ಜನ್ನತಬೀ, ನಮ್ಮ ಹುಡುಗನ ಹೆಸರ ಬರೋಬ್ಬರಿ ಹಾಕ್ಯಾರೇನ ನೋಡವಾ. ದೊಡ್ಡಕ ಓದು, ಕೇಳೂಣು' ಅಂದ್ಲು. ಅಮ್ಮಿ ಚಷ್ಮಾ ಹಾಕ್ಕೊಂಡು ದೊಡ್ಡಕ ಓದಿದ್ಲು. 'ಚಿರಂಜೀವಿ ಶಫೀಕ.' ಅಲ್ಲೇ ನಿಂತ್ಲು. ಆಮ್ಯಾಲ ಸಣ್ಣ ದನಿಲೆ, 'ಕುಂಕುಮ ಸೌಭಾಗ್ಯವತಿ ನೂರೀನ.' ನಾ ಒಳಗ ಚಹಾ ಸೋಸಾಕತ್ತಿದ್ದೆ. 'ಅಯ್ಯ ನಮ್ಮವ್ವಾ, ನಮ್ಮ ಮಲ್ಲು ಎಲ್ಲಿ ಹೋದ?' ಅಂತ ನೀಲಗಂಗವ್ವ ಚೀರಿದ್ಲು. ಅಮ್ಮಿ ನನ್ನ ಕಡೆ ನೋಡಿದ್ಲು. ಬೈಲಿಲ್ಲರಿ. ಬೈದಿದ್ರ ಛಲೋ ಇತ್ತು. ಪತ್ರಿಕೆ ಮಡಚಿ ಇಟ್ಟು 'ಚಹಾ ಆರ್ತೈತಿ, ತಾ' ಅಂದ್ಲು.

ಶಫೀಕ ಎಲ್ಲಾರಿಗೂ ಬ್ಯಾರೆ ಪತ್ರಿಕೆ ಮಾಡಿ, ತಾವ ಊರೂರು ತಿರುಗಿ ಹಂಚಿದ್ರು. ಮಲ್ಲೂನ ಲಗ್ನ ಭರ್ಜರಿ ಆತು. ಮಲ್ಲು, ಶೀತಲ್ ಹಿಂದ ಕುಂತಾರ, ಕೈ ಎತ್ರಿ. ಹಾಂ, ನೋಡ್ರಿ ಹೆಂಗ ನಗತಾರ! ನಿಂತದ್ದು ನನ್ನ ಲಗ್ನ ಒಂದ. ರಹಮಾನಸಾಬರು ಮನಿಗೆ ಬಂದು ಹೆಣ್ಣು ಕೇಳಿದ್ರು. ಅಮ್ಮಿ ಅಂದ್ಲು, 'ಈಕಿ ಕಟ್ಟಿದ್ದು ಗಟ್ಟಿ ಇಲ್ಲ, ನಿಮ್ಮ ಹುಡುಗನ ಕೈ ಒಂದ ಕಡೆ ನಿಂದ್ರಂಗಿಲ್ಲ. ಇವರಿಬ್ಬರೂ ಕೂಡಿ ಏನ ಸಂಸಾರ ಮಾಡ್ತಾರ? ಅದ ಹುಡುಗ ಅದ ಕೋಡ್ ಸಂಘದ ಮಂದಿ ಮುಂದ ಹಾಕಲಿ. ಒಂದ ಹೆಸರ ಬದಲಾದ್ರೂ ಈ ಮಾತು ಮತ್ತ ನನ್ನ ಮುಂದ ತಗೀಬ್ಯಾಡ್ರಿ.'

ನಾ ಹಂದರ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿದೆ. ಪುಟಕ್ಕ ಅಡಗಿಮನಿ ಬಾಗಿಲಾ ಬಂದ್ ಮಾಡಿದೆ. ನಡುವ ಒಂದು ಸಣ್ಣ ಕಿಡಕಿ ಇಟ್ಟೆ. ಆ ಕಿಡಕ್ಯಾಗ ಪುಟ ಕೇಳಬಹುದು: ಪತ್ರಿಕೆ ತೋರಸು, ಉಳಸು, ಛಾಪಸು. 'ನನಗ ಬೇಕಾದ್ದ ಮಾಡಾಕ ಬಿಡು' ಅನ್ನೋ ಮಾತ ಅಲ್ಲಿ ಇಲ್ಲ. ಕೇಳಾವ ನಮ್ಮ ಪುಟ ಹೌದೋ ಅಲ್ಲೋ ಅಂತ ಒಳಗಿನವರು ಪ್ರತಿ ಸಲ ಮುಖ ನೋಡಿ ಕೊಡ್ತಾರ. ಹಂದರದ ಜೋಡಿ ಬಂದ ಕೋಡ್ ಬಿಟ್ರ ಬ್ಯಾರೆ ಕೋಡ್ ನಡಿಯಂಗಿಲ್ಲ, ಅಂಟಿಸಿದ್ದು ಬರೀ ಅಕ್ಷರ ಆಗಿ ಕಾಣತೈತಿ. ಹೊರಗಿನ ವೆಬ್‌ಸೈಟ್ ಹಂದರದಾಗ ತೆರಿಯಂಗಿಲ್ಲ. ಲಿಂಕ್ ಒತ್ತಿದ್ರ ವಿಳಾಸ ತಪಾಸ ಮಾಡಿ, ಸರಿ ಇದ್ರ ಬ್ರೌಸರಿಗೆ ಕಳಸತೈತಿ. ಇಷ್ಟ ಮಾಡಿ ಕಾಲ ಚಾಚಿ ಕುಂಡ್ರಾಕ ಬರಂಗಿಲ್ಲ. ಇಂಥಾ ಆ್ಯಪಿನ ಹೊಟ್ಟ್ಯಾಗ ಒಂದು ಬ್ರೌಸರ್ ಇರತೈತಿ, ಅದರಾಗ ತೂತು ಸಿಗತಿರ್ತಾವ, ಕಟ್ಟಿದವರು ಮುಚ್ಚತಿರ್ತಾರ. ಅದಕ್ಕ ನಾ ಅಪ್ಡೇಟ್ ಕಳಸೋದು. ಅಂದಪ್ಪ ಸರ, ನಿಮ್ಮ ಪರದಿ ಮ್ಯಾಲ ಅಪ್ಡೇಟ್ ಮಾಡ್ರಿ ಅಂತ ಬಂದದ್ದು ದೀಪಾವಳಿಗೆ. ನೀವು 'ನಾಳಿ' ಅಂತ ಒತ್ತಿದ್ರಿ. ದಿನಾ ಒತ್ತತೀರಿ. ನನ್ನ ಕಡೆ ಹಂಗ ನೋಡಬ್ಯಾಡ್ರಿ ಸರ, ಖರೇನ ಐತಿ.

ಆತೇನ್ರಿ ಶಫೀಕ? ಆತಂತ. ಮೊದಲ ಹಳೇ ಹಂದರದಾಗ ಹಾಕ್ರಿ, ಕೋಡ್ ಖರೆ ಐತೋ ಇಲ್ಲೋ ಅಮ್ಮಿ ನೋಡ್ಲಿ. ಮಲ್ಲೂನ ಪತ್ರಿಕೆ ತಗದಾರ, ಎಲ್ಲಾರೂ ಪರದಿ ನೋಡ್ರಿ. ಅಂಟಿಸಿದ್ರು. ಅಗಾ, ಮಲ್ಲಿಗಿ! ಮಲ್ಲು ಹೋದ, ಶಫೀಕ ಬಂದ. ಶೀತಲ್ ಹೋದ್ಲು, ನಾ ಬಂದೆ. ಚಪ್ಪಾಳಿ ಬ್ಯಾಡ್ರೋ, ಇದು ನನ್ನ ಮಾನ ಹೋಗೋ ಭಾಗ!

ಈಗ ಹೊಸಾ ಹಂದರ. ಅದ ಪತ್ರಿಕೆ, ಅದ ಕೋಡ್. ಅಂಟಸ್ರಿ. ಯಾರೂ ಮಾತಾಡಬ್ಯಾಡ್ರಿ. ಒತ್ರಿ.

ಶುಭ ಕೋರುವವರು ಅಂತ ಬಂತು. ಕೆಳಗ ಕೋಡ್ ಬಂತು, ಅಕ್ಷರಕ್ಕ ಅಕ್ಷರ, ಓದಾಕ ಬರೋ ಹಂಗ. ಹೂ ಇಲ್ಲ. ವರ, ಮಲ್ಲು. ವಧು, ಶೀತಲ್. ಮಲ್ಲು ಇನ್ನೂ ಮಲ್ಲೂನ ಅದಾನ್ರಿ! ಸಾಕ ಬಿಡ್ರಿ ಶಫೀಕ, ಎದ್ದೇಳ್ರಿ. ಏನು? ಲಿಂಕಿನ ದಾರೀಲೇ ನೋಡ್ತೀರಿ? ನೋಡ್ರಪಾ ಎಂಥಾ ಗಂಡು ಹುಡಿಕ್ಕೊಂಡೇನಿ, ತನ್ನ ಲಗ್ನ ತಾನ ಮುರಕೊಳ್ಳಾಕ ಎಷ್ಟ ಹುರುಪು! ಒತ್ರಿ, ನೋಡೇ ಬಿಡೂಣು. 'ಈ ವಿಳಾಸ ತೆರಿಯಂಗಿಲ್ಲ' ಅಂತು. ಉಳದ ಪತ್ರಿಕೆ ತಗೀರಿ. ಇದೂ ಸರಿ. ಇದೂ ಸರಿ. ಒಂದ ಅಕ್ಷರ ಅಲಗಿಲ್ಲ! ಈಗ ಹೊಡೀರಿ ಚಪ್ಪಾಳಿ, ಜೋರ ಹೊಡೀರಿ!

ಅಮ್ಮಿ ಎದ್ದಾಳ. ಮೈಕ್ ಕೊಡ್ರಿ ಆಕಿಗೆ. ಬ್ಯಾಡಂತ, ಇಲ್ಲೇ ಬರಾಕತ್ತಾಳ. ಮೆಟ್ಟಲಾ ಹುಷಾರಿ, ಅಮ್ಮಿ.

ಸಭಿಕರೇ, ಒಂದ ನಿಮಿಷ ತಡೀರಿ. ಅಮ್ಮಿ ನನ್ನ ಕಿವ್ಯಾಗ ಹೇಳಿದ್ದನ್ನ ನಿಮಗ ಹೇಳಬೇಕು. 'ನನಗ ಸಿಟ್ಟ ಬಂದದ್ದು ನಿನ್ನ ಹಂದರ ಬಿದ್ದದ್ದಕ್ಕಲ್ಲ. ಸ್ವಂತ ಮಗಳ ಲಗ್ನದ ಸುದ್ದಿ ನಾ ಮಂದಿ ಪತ್ರಿಕ್ಯಾಗ ಓದಬೇಕಾತಲ್ಲ, ಅದಕ್ಕ. ಮೊದಲ ನನ್ನ ಕೇಳಿದ್ರ ನಾ ಬ್ಯಾಡ ಅಂತಿದ್ನೇನ?' ಅಂತಾಳ.

ಅಮ್ಮಿ, ಅಂಜಿದ್ದೆ. ಕಿಡಕ್ಯಾಗ ಕೇಳಿ ತಗೋಬೇಕು ಅಂತ ಊರಿಗೆಲ್ಲಾ ಭಾಷಣ ಮಾಡಾಕಿ, ಮನ್ಯಾಗ ನಿನ್ನ ಕೇಳಿರಲಿಲ್ಲ.

ಶಫೀಕ, ಆ ಕುರ್ಚಿ ಬಿಡ್ರಿ. ನಾ ಕುಂಡ್ರತೇನಿ. ಹೊಸಾ ಪತ್ರಿಕೆ ತಗದೇನಿ, ಎಲ್ಲಾ ಜಾಗಾ ಖಾಲಿ ಐತಿ. ಅಮ್ಮಿ, ಇಷ್ಟ ಮಂದಿ ಮುಂದ ಕೇಳ್ತೇನಿ. ವರನ ಜಾಗಾದಾಗ ಶಫೀಕ ಅಂತ ಹಾಕ್ಲ್ಯಾ?

ಹಾಕು ಅಂದ್ಲು.

ಹಾಕು ಅಂದ್ಲು, ಸಭಿಕರೇ! ಅಧ್ಯಕ್ಷರಿಗೆ ಧನ್ಯವಾದ, ಅತಿಥಿಗಳಿಗೆ ಧನ್ಯವಾದ, ನೀಲಗಂಗವ್ವಾಯಿಗೆ ಧನ್ಯವಾದ, ಊಟ ಆರಿದ್ರೂ ಎದ್ದು ಹೋಗದ ನಿಮಗೆಲ್ಲಾ ಧನ್ಯವಾದ. ಕೈ ಜೋಡಸಾಕ ಆಗವಲ್ದು, ಎರಡೂ ಕೀಬೋರ್ಡ್ ಮ್ಯಾಲ ಅದಾವ. ಬಾಯಿಲೇ ಹೇಳ್ತೇನಿ, ನಮಸ್ಕಾರ.