ಪೂಜೆಯ ಮರುದಿನದ ಪ್ಯಾರಿಟಿ

ನಿದ್ದೆಹೋದ ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಕೊಲ್ಲಾಪುರದ ಬಸ್ಸಿನಲ್ಲಿ ಕೂತಿದ್ದ ಸರಿತಾಳಿಗೆ ಮುಂದಿನ ಸೀಟಿನ ಅಕ್ಕ-ತಮ್ಮನ ಮಾತು ಕೇಳಿಸುತ್ತಿತ್ತು.

“ಮನಿಷಾಕ್ಕಾ, ಮನ್ಯಾಗಿನ ಸರ್ವರ್ ಪ್ಯಾರಿಟಿ ತಪ್ಪು ತೋರಸಾಕತ್ತೈತಿ, ಡಿಸ್ಕುಗಳ ತಾಳೆ ಲೆಕ್ಕ ಕೂಡವಲ್ದು. ನಮ್ಮ ಸ್ಟುಡಿಯೋದ ಹತ್ತು ವರ್ಷದ ಮದವಿ ವಿಡಿಯೋ ಎಲ್ಲಾ ಅದರಾಗ ಅದಾವ.”

“ಡಿಸ್ಕ್ ತಪಾಸ ಮಾಡಿದೇನು, ಅಭಿನಂದನ?”

“ಐದೂ ಛಲೋ ಅದಾವ. ದಸರಾದ ಖಂಡೇಪೂಜಿ ದಿನ ಅಪ್ಪಾ ಸರ್ವರಿಗೆ ಕುಂಕುಮ ಹಚ್ಚಿ, ಇದಕ್ಕೂ ಒಂದಿನ ಸೂಟಿ ಇರಲಿ ಅಂತ ಪ್ಲಗ್ ಕಿತ್ತಿದ್ರು. ಆಮ್ಯಾಲಿಂದ ಹಿಂಗ.”

“ಆಗ ಏನರ ಕಾಪಿ ಆಗಾಕತ್ತಿತ್ತೇನು?”

“ಬೇಡಕಿಹಾಳದ ಒಂದು ಮದವಿ. ಅದು ಕ್ಯಾಮೆರಾ ಕಾರ್ಡಿನ್ಯಾಗ ಇನ್ನೂ ಐತಿ.”

“ಹಂಗಾರ ಅಂಜಬ್ಯಾಡ. ಹಳೇವಕ್ಕ ಏನೂ ಆಗಿಲ್ಲ. ಪ್ಯಾರಿಟಿ ಬರಿಯೂದ್ರಾಗ ಕರೆಂಟ್ ಹೋಗೈತಿ, ಅಷ್ಟ. ಒಮ್ಮೆ ಚೆಕ್ ಮಾಡಿ ತಿದ್ದಸು. ಎರಡನೇ ಸಲ ಚೆಕ್ ಮಾಡಿದ್ರ ತಪ್ಪು ಸೊನ್ನಿ ಬರತೈತಿ.”

“ಹೊಸಾ ಡಿಸ್ಕ್ ತರಾಕ ಕೊಲ್ಲಾಪುರದ ಟಿಕೀಟ ತಗಸೀನಲ್ಲ!”

“ನಿಪ್ಪಾಣಿ ಬಂತು. ಇಳೀಲೇ ಶ್ಯಾಣ್ಯಾ, ತಿರುಗಿ ಮನಿಗೆ ಹೋಗೂಣು.”

ಅಕ್ಕ ಏಳುವುದರೊಳಗೆ ತಮ್ಮ ಬಾಗಿಲಲ್ಲಿದ್ದ.