ಸೈಲೆನ್ಸರ್ ಪೈಪಿನ ಹಸಿರು ಸುತ್ತು

ಇದು ನಮ್ಮ ಚಿಕ್ಕಪ್ಪನ ಮಗನಿಗೆ ಆದದ್ದು. ಅರ್ಧ ಅವನು ಹೇಳಿದ್ದು, ಅರ್ಧ ನಾನೇ ಕಂಡದ್ದು. ಇಪ್ಪತ್ತಾರು ವರ್ಷದಿಂದ ಮಕ್ಕಳಿಗೆ ಲೆಕ್ಕ ಹೇಳಿಕೊಡುವವಳು ನಾನು. ಕಾಣದ್ದನ್ನು ಕಂಡೆ ಅನ್ನುವುದಿಲ್ಲ.

ಆ ರಾತ್ರಿ ಎಂಟೂವರೆಗೆ ಅವನು ಗ್ಯಾರೇಜಿಗೆ ಬೀಗ ಹಾಕಿ ಮನೆಗೆ ನಡೆದು ಬರುತ್ತಿದ್ದ. ದಾರಿಯಲ್ಲಿ ಒಂದು ಹಾಳು ಬಾವಿ, ಬಾಯಿಗೆ ಕಬ್ಬಿಣದ ಜಾಲರಿ. ಅದರ ಹತ್ತಿರ ಬಂದಾಗ ಒಳಗಿಂದ ಕೇಳಿಸಿತಂತೆ... ಟಿಕ್... ಟಿಕ್... ಟಿಕ್. ನೀರು ತೊಟ್ಟಿಕ್ಕುವ ಸದ್ದಲ್ಲ. ಒಣ ಸದ್ದು. ತಣ್ಣಗಿದ್ದ ಎಂಜಿನ್ ಶುರುವಾದಾಗ ಸೀಳಿದ ಪೈಪಿನಿಂದ ಹೊಗೆ ಚಿಮ್ಮುವ ಸದ್ದು. ಆಮೇಲೆ ಒಂದು ಪಿಸುಮಾತು.

“ಕಿವಿ ಇಟ್ಟು ನೋಡಿದೆಯೇನೋ?”

“ಇಲ್ಲಣ್ಣ,” ಅಂದುಬಿಟ್ಟನಂತೆ, ಅಭ್ಯಾಸಕ್ಕೆ.

ಅಂದಮೇಲೆ ನೆನಪಾಯಿತು... ನಮ್ಮಣ್ಣ ತೀರಿಹೋಗಿ ಇಪ್ಪತ್ತಮೂರು ದಿನ ಆಗಿತ್ತು.

ಗ್ಯಾರೇಜು ಅಣ್ಣನದು. ಎಚ್ಚರಿಕೆ ದೀಪ ಹೊತ್ತಿದ ಕಾರು ಬಂದರೆ, ದೋಷ ಓದುವ ಸ್ಕ್ಯಾನರ್ ಏನೇ ತೋರಿಸಲಿ, ಅವನು ಒಂದು ರಾತ್ರಿ ಅದನ್ನು ನಿಲ್ಲಿಸಿಕೊಳ್ಳುತ್ತಿದ್ದ. ಬೆಳಗ್ಗೆ ತಣ್ಣಗಿನ ಎಂಜಿನ್ ಶುರುಮಾಡಿ, ರಬ್ಬರ್ ನಳಿಕೆಯ ಒಂದು ತುದಿ ಕಿವಿಗಿಟ್ಟು, ಇನ್ನೊಂದನ್ನು ಪೈಪಿನುದ್ದಕ್ಕೂ ಸರಿಸುತ್ತಿದ್ದ. ದೋಷ ಸಿಕ್ಕಲ್ಲಿ ಸೀಮೆಸುಣ್ಣದಲ್ಲಿ ಒಂದು ಸುತ್ತು ಹಾಕುತ್ತಿದ್ದ, ಗೆರೆಯ ಬಾಲ ಒಳಕ್ಕೆ ಮಡಚಿ. ಮಸಿಯ ಮೇಲೆ ಕಾಣುವುದು ಹಸಿರೇ ಅಂತ ಅವನಿಗೆ ಹಸಿರೇ ಬೇಕು. ಶಾಲೆಯಿಂದ ನಾನೇ ತುಂಡುಗಳನ್ನು ತಂದು ಕೊಡುತ್ತಿದ್ದೆ.

ಅಣ್ಣನ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಚಿಕ್ಕಪ್ಪನ ಮಗನಿಗೆ ಮನೆಯಲ್ಲಿ ‘ಅವಸರ’ ಅಂತಲೇ ಹೆಸರು. ಅಣ್ಣ ಪಟ್ಟಣದ ಆಸ್ಪತ್ರೆಯಲ್ಲಿದ್ದಾಗ, ಅದು ಗೊತ್ತಿಲ್ಲದ ನಮ್ಮೂರ ನರ್ಸಮ್ಮನ ಕಾರು ಬಂತು. ಹೊಗೆಯಲ್ಲಿ ಗಾಳಿ ಎಷ್ಟಿದೆ ಅಂತ ಅಳೆಯುವ ಆಕ್ಸಿಜನ್ ಸೆನ್ಸರ್ ಹೋಗಿದೆ ಅಂತ ಸ್ಕ್ಯಾನರ್ ತೋರಿಸಿತು. ಇವನು ಹೊಸದು ಹಾಕಿ, ದೀಪ ಆರಿಸಿ, ಅಂದೇ ಕಳಿಸಿದ. ದೀಪ ಮತ್ತೆ ಹೊತ್ತಿತು. ಇವನು ಮತ್ತೆ ಆರಿಸಿದ. ಮೂರನೇ ಸಲ ನರ್ಸಮ್ಮ ಬಂದದ್ದು ಆ ಪಿಸುಮಾತು ಕೇಳಿಸಿದ ದಿನವೇ, ಮಧ್ಯಾಹ್ನ ನಾಲ್ಕಕ್ಕೆ. ಶಾಲೆ ಬಿಟ್ಟು ನಾನೂ ಅಲ್ಲಿಗೆ ಹೋಗಿದ್ದೆ.

“ಹೊಸ ಸೆನ್ಸರ್ ಹಾಕಿದ್ರೂ ಈ ದೀಪ ನನ್ನನ್ನೇ ದುರುಗುಟ್ಟಿ ನೋಡುತ್ತಲ್ಲಪ್ಪ. ನಮ್ಮತ್ತೆನೂ ಹೀಗೆ ನೋಡಿರ್ಲಿಲ್ಲ,” ಅಂದರು ನರ್ಸಮ್ಮ.

ಅವನು ತಲೆ ಎತ್ತಲಿಲ್ಲ. “ಅದು ಅಣ್ಣ ಹಾಕಿದ್ದು, ಸಿಸ್ಟರ್. ಕೊನೆಕೊನೆಗೆ ಅವರ ಕೈ ನಡುಗ್ತಿತ್ತು.”

ಅವರು ನನ್ನ ಕಡೆ ತಿರುಗಿದರು. “ಹೌದಾ, ಟೀಚರ್?”

ನಾನು ತಲೆಯಾಡಿಸಿದೆ. ಬದುಕಿರುವವನ ಮರ್ಯಾದೆ ಉಳಿಯಲಿ ಅಂತ... ಹೀಗೆ ನನಗೆ ನಾನೇ ಹೇಳಿಕೊಂಡೆ.

“ಪಾಪ. ಅವರನ್ನ ಎಷ್ಟು ನಂಬಿದ್ದೆ,” ಅಂದು ಕಾರನ್ನು ಅಲ್ಲೇ ಬಿಟ್ಟು ಹೋದರು.

ರಾತ್ರಿ ಅವನು ನನ್ನ ಬಾಗಿಲು ತಟ್ಟಿದ. ಅಂಗಿ ಬೆವರಿಗೆ ಮೈಗಂಟಿತ್ತು.

“ಅಕ್ಕ, ಗ್ಯಾರೇಜಿಗೆ ಬಾ.”

“ಈಗ ಯಾಕೋ?”

“ಅಣ್ಣ ಕೇಳ್ದ...”

“ಏನು ಕೇಳ್ದ?”

“ಕಿವಿ ಇಟ್ಟೆಯಾ ಅಂತ.”

ನಾನು ಚಪ್ಪಲಿ ಮೆಟ್ಟಿಕೊಂಡೆ.

ಬೀಗ ಹಾಕಿದ ಹಾಗೇ ಇತ್ತು. ಇರುವ ಒಂದೇ ಕೀಲಿ ಅವನ ಜೇಬಿನಲ್ಲಿ. ಅವನು ಕಾರು ಶುರುಮಾಡಿದ... ಟಿಕ್, ಟಿಕ್, ಟಿಕ್. ಟಾರ್ಚ್ ಹಿಡಿದು ಕೆಳಗೆ ಸರಿದ.

“ಅಕ್ಕ... ನೀನೇ ನೋಡು.”

ರಟ್ಟಿನ ಮೇಲೆ ಮಲಗಿ ನಾನೂ ತಲೆ ತೂರಿಸಿದೆ. ಸೆನ್ಸರಿಗಿಂತ ಗೇಣುದ್ದ ಮುಂಚೆ, ಪೈಪಿನ ಬೆಸುಗೆಯಲ್ಲಿ ಉಗುರಿನಷ್ಟು ಸೀಳು. ಅದರ ಸುತ್ತ ಹಸಿರು ಸುತ್ತು. ಬಾಲ ಒಳಕ್ಕೆ ಮಡಚಿತ್ತು. ಆ ದಿನದ ದಾರಿಯ ಕೆಸರು ಪೈಪಿನ ಮೇಲೆ ಒಣಗಿತ್ತು. ಗೆರೆ ಇದ್ದದ್ದು ಕೆಸರಿನ ಕೆಳಗಲ್ಲ... ಮೇಲೆ.

“ನೀನೇ ಬರೆದೆಯೇನೋ?”

“ಇಲ್ಲಕ್ಕ. ಸೆನ್ಸರನ್ನೂ ಮೇಲಿಂದ ಕೈ ಹಾಕಿಯೇ ಬದಲಿಸಿದ್ದು, ಮೂರು ಸಲವೂ ನಾನು ಕೆಳಗೆ ನೋಡೇ ಇಲ್ಲ.” ಅವನು ಅಳುತ್ತಿದ್ದ.

ಹೊಗೆ ಚಿಮ್ಮಿದ ಬೆನ್ನಿಗೇ ಸೀಳಿನಿಂದ ಹೊರಗಿನ ಗಾಳಿ ಒಳಗೆ ಸೇರುತ್ತಿತ್ತು. ಹಳೆಯ ಸೆನ್ಸರ್ ಅದನ್ನೇ ಹೇಳಿತ್ತು, ಹೊಸದೂ ಅದನ್ನೇ ಹೇಳಿತು. ಸುಳ್ಳು ಹೇಳಿದವರು ನಾವಿಬ್ಬರು.

ಬೆಳಗ್ಗೆ ನರ್ಸಮ್ಮ ಬಂದಾಗ ಅವನು ಎಲ್ಲವನ್ನೂ ಒಪ್ಪಿಕೊಂಡ. “ನಾನು ತಲೆಯಾಡಿಸಿದ್ದೂ ಸುಳ್ಳು, ಸಿಸ್ಟರ್,” ಅಂದೆ ನಾನು. ಅವರು ಬೈಯಲಿಲ್ಲ. ಗೋಡೆಯ ಮೇಲಿದ್ದ ಅಣ್ಣನ ಫೋಟೋವನ್ನೇ ನೋಡುತ್ತ ನಿಂತರು. ಬೈದಿದ್ದರೆ ಚೆನ್ನಾಗಿತ್ತು. ಪೈಪಿಗೆ ಹೊಸ ಬೆಸುಗೆ ಬಿತ್ತು. ಆ ದೀಪ ಇವತ್ತಿನವರೆಗೂ ಹೊತ್ತಿಲ್ಲ.

ಇನ್ನೊಂದು ಮಾತು. ಅಣ್ಣನಿಗೆಂದು ತಂದು, ಕೊಡಲಾಗದೆ ಉಳಿದ ಒಂದು ಹಸಿರು ಸೀಮೆಸುಣ್ಣವನ್ನು ಕಾಗದದಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದೆ. ಹೊಸದು, ಒಂದಕ್ಷರವನ್ನೂ ಬರೆಯದ್ದು. ಆ ಸಂಜೆ ತೆಗೆದು ನೋಡಿದೆ. ಕಾಗದದ ಮಡಿಕೆ ನಾನು ಮಡಿಸಿದ ಹಾಗೇ ಇತ್ತು. ಸೀಮೆಸುಣ್ಣದ ಒಂದು ತುದಿ ಮಾತ್ರ ಓರೆಯಾಗಿ ಸವೆದಿತ್ತು, ಅದಕ್ಕೆ ಸ್ವಲ್ಪ ಒಣ ಕೆಸರು ಮೆತ್ತಿತ್ತು. ನಿಜವಾಗಿ ನಡೆದದ್ದು ಇದು. ಆ ಸೀಮೆಸುಣ್ಣ ಈಗಲೂ ನನ್ನ ಬೀರುವಿನಲ್ಲಿದೆ.