ಎರಡೇ ಚೌಕ

ಹೆರಿಗೆ ಆಸ್ಪತ್ರೆಯ ಬೆಂಚಿನಲ್ಲಿ ಮಗಳಿಗಾಗಿ ಕಾಯುತ್ತಿದ್ದ ದರ್ಜಿಗೆ, ಪಕ್ಕದ ಅಕ್ಕತಂಗಿಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಬಸುರಿ ತಂಗಿಯೇ ಶುರುಮಾಡಿದಳು.

"ನಮ್ಮ ಹೂವಿನ ತೋಟದಲ್ಲಿ ಹುಳಕ್ಕೆ ಹೊಡೆಯೋ ಆ ಹೊಸ ಔಷಧಿ, ನಿಮ್ಮ ಆಫೀಸಲ್ಲಿ ನೀನೇ ಪಾಸು ಮಾಡಿದ್ದಲ್ವಾ ಅಕ್ಕ?"

"ನಾನಲ್ಲ ಕಣೇ, ಕಂಪ್ಯೂಟರು. ಔಷಧಿ ವಂಶವಾಹಿ ಕೆಡಿಸುತ್ತೋ ಇಲ್ವೋ ಅಂತ ಅದು ಅಂದಾಜು ಹೇಳುತ್ತೆ."

"ಕೆಡಿಸಲ್ಲ ಅಂತು ತಾನೆ?"

ಅಕ್ಕ ಚೀಲದ ಜಿಪ್ಪನ್ನು ಎಳೆದಳು, ಮತ್ತೆ ಮುಚ್ಚಿದಳು.

"ಇಂಥದ್ದನ್ನ ಹಿಂದೆ ನೋಡೇ ಇಲ್ಲ, ಹೇಳಕ್ಕಾಗಲ್ಲ ಅಂತು."

"ಮತ್ತೆ?"

"ಫಾರಂನಲ್ಲಿ ಇರೋದೇ ಎರಡು ಚೌಕ. ಹೌದು, ಇಲ್ಲ. ಹೌದು ಅಂದ್ರೆ ಪುರಾವೆ ಎಲ್ಲಿ ಅಂತ ಸಾಹೇಬರು ಜೀವ ತಿಂತಾರೆ. ಅದಕ್ಕೇ ನಾವೆಲ್ಲ..."

"ನೀನು ಇಲ್ಲ ಅಂತ ಗೀಟು ಹಾಕ್ದೆ."

"ಹೂಂ."

"ಅಯ್ಯೋ ಅಕ್ಕ! ಹೂ ಬೆಳೆಯೋ ಗಾಜಿನ ಮನೇಲಿ ಆ ಸೆಖೆಗೆ ಕೈಗವಸಲ್ಲಿ ಕೈ ಬೇಯುತ್ತೆ. ನಮ್ಮಕ್ಕನೇ ನೋಡಿರೋದು, ಏನೂ ಆಗಲ್ಲ ಅಂತ ಎಲ್ಲರ ಕೈಲೂ ನಾನೇ ಬಿಚ್ಚಿಸ್ದೆ."

"ಎಷ್ಟು ಜನ?"

"ನನ್ನೂ ಸೇರಿಸಿ ಹದಿನಾಲ್ಕು."

"ಮತ್ತೆ ಹಾಕ್ಕೊಳ್ಳಿ ಅನ್ನು."

"ಯಾಕೆ ಅಂತ ಕೇಳಿದ್ರೆ? ನಿನ್ನ ಕೆಲಸ ಉಳಿಯುತ್ತಾ?"

ಅಷ್ಟರಲ್ಲಿ ನರ್ಸು ಬಂದು ತಂಗಿಯ ಕೈಗೆ ಒಂದು ಹಾಳೆ ಕೊಟ್ಟಳು.

"ಕೆಲಸದಲ್ಲಿ ಹಾನಿಕರ ರಾಸಾಯನಿಕ ಮುಟ್ತೀರಾ? ಹೌದೋ ಇಲ್ವೋ ಗೀಟು ಹಾಕ್ಕೊಂಡು ಒಳಗೆ ಬನ್ನಿ."

ತಂಗಿ ದರ್ಜಿಯ ಹತ್ತಿರ ಪೆನ್ನು ಕೇಳಿ ಪಡೆದು, ಹಾಳೆಯ ಸಮೇತ ಅಕ್ಕನ ಮಡಿಲಲ್ಲಿ ಇಟ್ಟಳು.

"ನೀನೇ ಹಾಕಕ್ಕ. ನಿನಗೆ ಅಭ್ಯಾಸ ಇದೆ."

ಅವಳು ಒಳಗೆ ನಡೆದಳು. ಗೀಟು ಹಾಕದ ಹಾಳೆಯನ್ನೂ ಪೆನ್ನನ್ನೂ ಹಿಡಿದು ಅಕ್ಕನೂ ಹಿಂದೆಯೇ ಹೋದಳು. ಪೆನ್ನು ವಾಪಸು ಕೇಳಲು ದರ್ಜಿಗೆ ಬಾಯಿ ಬರಲಿಲ್ಲ.